ಡಿಸ್ಕಿಗೊಂದು ಬೀಗ: ಯಾವುದನ್ನು ಆರಿಸೋಣ?

ನಿಮ್ಮ ಮನೆಯ ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋಯಿತು ಅಂತಿಟ್ಟುಕೊಳ್ಳಿ. 'ಪಾಸ್‌ವರ್ಡ್ ಇದೆಯಲ್ಲ, ಏನೂ ಆಗಲ್ಲ' ಅಂತೀರಾ? ತಾಳಿ! ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್ ಬಳಸುವ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ಪೆನ್‌ಡ್ರೈವ್‌ನಿಂದಲೂ ಲಿನಕ್ಸ್ ಓಡಿಸಬಹುದು. ಹಾಗೆ ಓಡಿಸಿದವರಿಗೆ ಒಳಗಿನ ಡಿಸ್ಕಿನ ಫೈಲುಗಳೆಲ್ಲ ಕಾಣುತ್ತವೆ. ನಿಮ್ಮ ಲಾಗಿನ್ ಪಾಸ್‌ವರ್ಡನ್ನು ಯಾರೂ ಕೇಳುವುದೇ ಇಲ್ಲ. ಮುಂಬಾಗಿಲಿಗೆ ಬೀಗ, ಹಿಂಬಾಗಿಲು ತೆರೆದೇ ಇದ್ದಂತೆ!

ಇದಕ್ಕೆ ಪರಿಹಾರ ಪೂರ್ಣ ಡಿಸ್ಕ್ ಎನ್‌ಕ್ರಿಪ್ಶನ್. ಡಿಸ್ಕಿಗೆ ಬರೆಯುವಾಗಲೇ ಮಾಹಿತಿಯೆಲ್ಲ ಗುಪ್ತಲಿಪಿಯಾಗುತ್ತದೆ, ಓದುವಾಗ ಮತ್ತೆ ಬಿಡಿಸಿಕೊಳ್ಳುತ್ತದೆ.

ಲಿನಕ್ಸಿನಲ್ಲಿ ಈ ಕೆಲಸಕ್ಕೆ ಮೊದಲ ಆಯ್ಕೆ 'ಲಕ್ಸ್' (ಸಾಬೂನು ಅಲ್ಲ!). 2004ರಲ್ಲಿ ಕ್ಲೆಮೆನ್ಸ್ ಫ್ರೂವಿರ್ತ್ ಇದನ್ನು ರೂಪಿಸಿದರು. ಇದರ ಉಪಾಯ ಚೆನ್ನಾಗಿದೆ. ಇಡೀ ಡಿಸ್ಕಿಗೆ ಒಂದೇ ದೊಡ್ಡ ಕೀಲಿಕೈ. ಆ ಕೀಲಿಕೈಯನ್ನು ಡಿಸ್ಕಿನ ಆರಂಭದಲ್ಲಿರುವ 'ಹೆಡರ್' ಎಂಬ ಪುಟ್ಟ ಪೆಟ್ಟಿಗೆಯಲ್ಲಿಟ್ಟು, ನಿಮ್ಮ ಪಾಸ್‌ವರ್ಡಿನಿಂದ ಮುಚ್ಚಲಾಗುತ್ತದೆ. ಹಾಗಾಗಿ ಪಾಸ್‌ವರ್ಡ್ ಬದಲಿಸಿದರೆ ಪೆಟ್ಟಿಗೆಯ ಬೀಗ ಮಾತ್ರ ಬದಲಾಗುತ್ತದೆ, ಇಡೀ ಡಿಸ್ಕನ್ನು ಮತ್ತೆ ಬರೆಯಬೇಕಿಲ್ಲ. ಅಪ್ಪನಿಗೊಂದು, ಅಕ್ಕನಿಗೊಂದು ಪಾಸ್‌ವರ್ಡ್ ಕೂಡ ಕೊಡಬಹುದು. ಲಕ್ಸ್‌ನ ಮೊದಲ ಆವೃತ್ತಿಯಲ್ಲೇ ಇದಕ್ಕೆ 8 ಖಾನೆಗಳಿದ್ದವು.

ಇನ್ನೊಂದು ಆಯ್ಕೆ ವೆರಾಕ್ರಿಪ್ಟ್. ಒಂದೇ ಪೆನ್‌ಡ್ರೈವನ್ನು ವಿಂಡೋಸ್, ಲಿನಕ್ಸ್ ಎರಡರಲ್ಲೂ ತೆರೆಯಬೇಕಾದರೆ ಇದೇ ಅನುಕೂಲ. ಆದರೆ ಲಿನಕ್ಸ್ ಇರುವ ಸಿಸ್ಟಂ ಡಿಸ್ಕಿಗೆ ಇದು ಬೀಗ ಹಾಕದು, ಆ ಸೌಲಭ್ಯ ವಿಂಡೋಸಿಗೆ ಮಾತ್ರ. ಹಾಗಾದರೆ ಲೆಕ್ಕ ಸುಲಭ: ಲಿನಕ್ಸ್ ಕಂಪ್ಯೂಟರಿಗೆ ಲಕ್ಸ್, ಎರಡೂ ಕಡೆ ಓಡಾಡುವ ಪೆನ್‌ಡ್ರೈವಿಗೆ ವೆರಾಕ್ರಿಪ್ಟ್.

ಇನ್ನು ಎಚ್ಚರಿಕೆಯ ಮಾತು. ಕಂಪ್ಯೂಟರ್ ಚಾಲೂ ಇದ್ದಾಗ ಬೀಗ ತೆರೆದೇ ಇರುತ್ತದೆ. ಹೊರಗೆ ಒಯ್ಯುವಾಗ ಪೂರ್ತಿ ಆಫ್ ಮಾಡಿ. ಪಾಸ್‌ವರ್ಡ್ ಮರೆತರೆ ಅಥವಾ ಹೆಡರ್ ಕೆಟ್ಟರೆ ಅಜ್ಜಿಯ ಫೋಟೋಗಳೂ ಹೋದವು ಅಂತಲೇ ತಿಳಿಯಿರಿ. ರಿಪೇರಿ ಅಂಗಡಿಯವರೂ ಏನೂ ಮಾಡಲಾರರು. ಕಳ್ಳನನ್ನು ತಡೆಯುವ ಬೀಗ ಮಾಲೀಕನನ್ನೂ ತಡೆಯುತ್ತದೆ! ಅದಕ್ಕೇ ಮುಖ್ಯ ಫೈಲುಗಳ ಮತ್ತು ಹೆಡರಿನ ಪ್ರತಿಯನ್ನು ಬೇರೆ ಕಡೆ ಜೋಪಾನವಾಗಿಡಿ.

ಮಾಡಿ ನೋಡಿ: ಶಿಕ್ಷಕರ ಅನುಮತಿ ಪಡೆದು, ಒಂದು ಖಾಲಿ ಪೆನ್‌ಡ್ರೈವನ್ನು ಉಬುಂಟುವಿನ 'ಡಿಸ್ಕ್ಸ್' ತಂತ್ರಾಂಶದಲ್ಲಿ ಲಕ್ಸ್ ಆಯ್ಕೆಯೊಂದಿಗೆ ಫಾರ್ಮ್ಯಾಟ್ ಮಾಡಿ. ಅದನ್ನು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ ಏನಾಗುತ್ತದೆ? ಯಾಕೆ? ತರಗತಿಯಲ್ಲಿ ಚರ್ಚಿಸಿ.