ಆ್ಯಪ್ ಬದಲಿಸುವುದು ಯಾವಾಗ? ಒಬ್ಬರೇ ವ್ಯವಹಾರ ನಡೆಸುವವರಿಗೆ ಒಂದಿಷ್ಟು ಲೆಕ್ಕ



ಪುಣೆಯಿಂದ ನಗರ ರಸ್ತೆ ಹಿಡಿದು ವಾಘೋಲಿ, ಶಿಕ್ರಾಪುರ ದಾಟಿ ಸುಮಾರು 50 ಕಿಲೋಮೀಟರ್ ಹೋದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಯಾತ್ರೆಯ ನೆಪದಲ್ಲಿ ಅಲ್ಲಿಯ ಮಹಾಗಣಪತಿಗೆ ಕೈಮುಗಿದು ಬಂದವರು ನಮ್ಮಲ್ಲಿ ಬಹಳ ಜನ. ಅದೇ ಊರಿನ ಎಂಐಡಿಸಿಯಲ್ಲಿ ಫ್ರಿಜ್, ಟಿವಿ, ಕಾರು ತಯಾರಿಸುವ ದೊಡ್ಡ ಕಾರ್ಖಾನೆಗಳಿವೆ. ಆ ದೊಡ್ಡ ಗೇಟುಗಳ ಹೊರಗೆ ಇನ್ನೊಂದು ಸಣ್ಣ ಲೋಕ ಇದೆ. ಕೈಗವಸು, ಕಾಟನ್ ವೇಸ್ಟ್, ಟೇಪು ಸಪ್ಲೈ ಮಾಡುವವರು, ಕಂಪ್ರೆಸರ್ ರಿಪೇರಿಯವರು, ಊಟದ ಡಬ್ಬಿ ಕಳಿಸುವವರು. ಇಲ್ಲಿ ಮಾಲೀಕ, ಸೇಲ್ಸ್‌ಮನ್, ಗುಮಾಸ್ತ, ಡ್ರೈವರ್ ಎಲ್ಲಾ ಒಬ್ಬರೇ!

ಅಂಥ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಊರು ವಿಜಯಪುರದ ಕಡೆ. ಕಾರ್ಖಾನೆಗಳಿಗೆ ಕೈಗವಸು, ಸೇಫ್ಟಿ ಶೂ ಸಪ್ಲೈ ಮಾಡುತ್ತಾರೆ. ಆರ್ಡರ್ ಬಂದರೆ ಫೋನಿನ ನೋಟ್ಸಿನಲ್ಲಿ ಬರೆದುಕೊಳ್ಳುತ್ತಾರೆ. ಬಿಲ್ಲು ಕಾರ್ಬನ್ ಹಾಕಿದ ಬಿಲ್ ಬುಕ್ಕಿನಲ್ಲಿ. ಯಾರಿಂದ ಎಷ್ಟು ಬರಬೇಕು ಎನ್ನುವುದು ಲ್ಯಾಪ್‌ಟಾಪಿನ ಎಕ್ಸೆಲ್‌ನಲ್ಲಿ. ತಿಂಗಳ ಕೊನೆಗೆ ಬಿಲ್ಲುಗಳ ಫೋಟೋ ವಾಟ್ಸಾಪ್ ಮೂಲಕ ಟ್ಯಾಕ್ಸ್ ಕನ್ಸಲ್ಟೆಂಟರಿಗೆ. ಒಂದು ದಿನ ಚಹಾದಂಗಡಿಯಲ್ಲಿ ಊರ ಕಡೆಯ ಗೆಳೆಯ ಹೇಳುತ್ತಾರೆ: "ಇನ್ನೂ ಎಕ್ಸೆಲ್ಲಿನ್ಯಾಗ ಕುಂತೀರೇನ್ರಿ ಅಣ್ಣಾರ? ಈ ಆ್ಯಪ್ ಹಾಕ್ಕೋರಿ, ಎಲ್ಲಾ ತಾನ ಮಾಡ್ತದ."

ಹಾಕಿಕೊಳ್ಳಬೇಕೆ, ಬೇಡವೆ? ಈ ಸಂಚಿಕೆಯಲ್ಲಿ ಇದನ್ನೇ ನೋಡೋಣ. ಯಾವ ಆ್ಯಪ್ ಒಳ್ಳೆಯದು ಎಂದು ನಾವು ಹೇಳುವುದಿಲ್ಲ. ಯಾವಾಗ ಬದಲಿಸಬೇಕು, ಯಾವಾಗ ಸುಮ್ಮನಿರಬೇಕು ಎನ್ನುವುದಷ್ಟೇ ಇಲ್ಲಿಯ ವಿಷಯ.

ಪುಕ್ಕಟೆ ಆ್ಯಪಿಗೂ ಬೆಲೆ ಇದೆ

ದೊಡ್ಡ ಕಂಪನಿ ಸಾಫ್ಟ್‌ವೇರ್ ಬದಲಿಸಿದರೆ ಅದಕ್ಕೆಂದೇ ಒಂದು ವಿಭಾಗ ಇರುತ್ತದೆ. ಒಬ್ಬರೇ ಇರುವವರಿಗೆ ಆ ವಿಭಾಗವೂ ಅವರೇ. ಗಿರಾಕಿಗಳ ಹೆಸರು, ಜಿಎಸ್‌ಟಿ ನಂಬರು, ಮಾಲಿನ ಪಟ್ಟಿ, ದರ, ಹಳೆಯ ಬಾಕಿ ಎಲ್ಲವನ್ನೂ ರಾತ್ರಿ ಊಟದ ನಂತರ ಕುಳಿತು ತುಂಬಬೇಕು. ಆಮೇಲೆ ಹೊಸದನ್ನು ಕಲಿಯಬೇಕು, ತಪ್ಪು ಮಾಡಬೇಕು, ತಿದ್ದಬೇಕು. ಆ್ಯಪ್ ಪುಕ್ಕಟೆ ಇರಬಹುದು, ನಿಮ್ಮ ರಾತ್ರಿಗಳು ಪುಕ್ಕಟೆ ಅಲ್ಲ.

ಹಾಗಾಗಿ ಮೊದಲು ಲೆಕ್ಕ ಹಾಕಿ. ನಮ್ಮ ಸಪ್ಲೈಯರ್ ದಿನಾ ಸಂಜೆ ಬಿಲ್ಲು, ಎಕ್ಸೆಲ್, ಫೋಟೋ ಎಂದು 40 ನಿಮಿಷ ಕಳೆಯುತ್ತಾರೆ ಎನ್ನೋಣ. ತಿಂಗಳಿಗೆ 25 ದಿನ ಎಂದರೆ 1000 ನಿಮಿಷ, ಅಂದರೆ ಹದಿನಾರೂವರೆ ಗಂಟೆಗೂ ಹೆಚ್ಚು. ಹೊಸ ಸಾಧನದಲ್ಲಿ ಅದೇ ಕೆಲಸ 15 ನಿಮಿಷಕ್ಕೆ ಇಳಿದರೆ ತಿಂಗಳಿಗೆ ಸುಮಾರು 10 ಗಂಟೆ ಉಳಿತಾಯ. ಬದಲಾವಣೆಗೆ ಒಟ್ಟು 40 ಗಂಟೆ ಹಿಡಿದರೆ ನಾಲ್ಕು ತಿಂಗಳಲ್ಲಿ ಶ್ರಮ ವಾಪಸ್ಸಾಯಿತು. ಇದು ಮಾಡಬಹುದಾದ ಕೆಲಸ.

ಆದರೆ ಹೊಸದರಿಂದ ದಿನಕ್ಕೆ 5 ನಿಮಿಷ ಮಾತ್ರ ಉಳಿಯುವುದಾದರೆ? ತಿಂಗಳಿಗೆ ಎರಡು ಗಂಟೆ. 40 ಗಂಟೆ ವಾಪಸ್ಸಾಗಲು 20 ತಿಂಗಳು ಬೇಕು. ಅಷ್ಟರಲ್ಲಿ ಗೆಳೆಯರು ಮತ್ತೊಂದು ಆ್ಯಪ್ ತೋರಿಸಿರುತ್ತಾರೆ! ಆರು ತಿಂಗಳೊಳಗೆ ಶ್ರಮ ಹಿಂತಿರುಗದಿದ್ದರೆ ಇದ್ದುದರಲ್ಲೇ ಇರುವುದು ಲೇಸು.

ಅಂದಾಜು ಬೇಡ, ಗಡಿಯಾರ ನೋಡಿ. ಎರಡು ವಾರ ಒಂದು ಚೀಟಿಯಲ್ಲಿ ಬರೆಯಿರಿ: ಈ ದಿನ ಲೆಕ್ಕಕ್ಕೆ ಎಷ್ಟು ನಿಮಿಷ, ಎಷ್ಟು ತಪ್ಪು, ಯಾವುದನ್ನು ಹುಡುಕಲು ಎಷ್ಟು ಹೊತ್ತು. ಬೇಸರ ಇರುವುದು ಸಾಧನದ ಮೇಲೋ, ಕೆಲಸದ ಮೇಲೋ ಎನ್ನುವುದು ಆ ಚೀಟಿಯಲ್ಲೇ ಗೊತ್ತಾಗುತ್ತದೆ. ಬಾಕಿ ವಸೂಲಿಗೆ ಫೋನ್ ಮಾಡಲು ಸಂಕೋಚ ಪಡುವವರಿಗೆ ಯಾವ ಆ್ಯಪ್ ಬಂದರೂ ಸಂಕೋಚ ಹೋಗುವುದಿಲ್ಲ.

ಬದಲಿಸಲೇಬೇಕಾದ ನಾಲ್ಕು ಲಕ್ಷಣಗಳು

1. ದುಡ್ಡು ಸೋರುತ್ತಿದೆ. ಇದು ಎಲ್ಲಕ್ಕಿಂತ ದೊಡ್ಡ ಲಕ್ಷಣ. 2022ರ ಜನವರಿ 1ರಿಂದ ನೀವು ಜಿಎಸ್‌ಟಿಆರ್-1ರಲ್ಲಿ ತೋರಿಸಿದ, ಖರೀದಿದಾರರ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿದ ಬಿಲ್ಲಿಗೆ ಮಾತ್ರ ಅವರಿಗೆ ತೆರಿಗೆಯ ಕ್ರೆಡಿಟ್ ಸಿಗುತ್ತದೆ. ಫೋಟೋ ಕಳಿಸುವಾಗ ಒಂದು ಬಿಲ್ಲು ತಪ್ಪಿಹೋಯಿತು ಎನ್ನಿ. ಶೇಕಡಾ 18 ತೆರಿಗೆಯ 50,000 ರೂಪಾಯಿ ಮಾಲಿಗೆ 9,000 ರೂಪಾಯಿ ತೆರಿಗೆ. ಬಿಲ್ಲು ಕಾಣುವ ತನಕ ಕಂಪನಿಯ ಅಕೌಂಟ್ಸ್‌ನವರು ಆ 9,000 ತಡೆಹಿಡಿಯಬಹುದು. ಸಣ್ಣ ಸಪ್ಲೈಯರಿಗೆ ಮುಂದಿನ ಮಾಲು ತರುವ ದುಡ್ಡೇ ಅದು. ಎಷ್ಟೇ ಜಾಗ್ರತೆ ವಹಿಸಿದರೂ ಇಂಥ ತಪ್ಪು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ ಅದು ನಿಮ್ಮ ಮರೆವಲ್ಲ, ಸಾಧನದ ಮಿತಿ.

2. ಒಂದೇ ಮಾಹಿತಿಯನ್ನು ಮೂರು ಕಡೆ ಬರೆಯುತ್ತಿದ್ದೀರಿ. ಬಿಲ್ ಬುಕ್ಕಿನಲ್ಲಿ ಒಮ್ಮೆ, ಎಕ್ಸೆಲ್‌ನಲ್ಲಿ ಒಮ್ಮೆ, ಕನ್ಸಲ್ಟೆಂಟರ ಕಂಪ್ಯೂಟರಿನಲ್ಲಿ ಮತ್ತೊಮ್ಮೆ. ಬರೆದಷ್ಟು ಸಲವೂ ಅಂಕಿ ತಪ್ಪುವ ಸಾಧ್ಯತೆ ಇದೆ.

3. ಲೆಕ್ಕ ನಿಮ್ಮ ತಲೆಯಲ್ಲಿ ಮಾತ್ರ ಇದೆ. ಜ್ವರ ಬಂದು ನಾಲ್ಕು ದಿನ ಮಲಗಿದರೆ, ಯಾರಿಂದ ಎಷ್ಟು ಬರಬೇಕು ಎಂದು ಮನೆಯವರಿಗೆ ತಿಳಿಯುತ್ತದೆಯೆ? ಒಬ್ಬರೇ ನಡೆಸುವ ವ್ಯವಹಾರದಲ್ಲಿ ಈ ಪ್ರಶ್ನೆಯನ್ನು ಮುಂದೆ ಹಾಕಬಾರದು. ಮನೆಯ ಇನ್ನೊಬ್ಬರು ತೆರೆದು ಓದಲಾರದ ಲೆಕ್ಕ ಅರ್ಧ ಲೆಕ್ಕ.

4. ಕಾನೂನು ಅಥವಾ ಕಂಪನಿ ಕಾಲ ಕೆಳಗಿನ ನೆಲ ಸರಿಸಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಹಳೆಯ ಬಿಲ್ಲಿನ ನಮೂನೆಗಳೇ ಬದಲಾಗಬೇಕಾಯಿತು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾಗಿ, ಶೇಕಡಾ 12 ಮತ್ತು 28ರಲ್ಲಿದ್ದ ಬಹುತೇಕ ಸರಕುಗಳು ಬೇರೆ ದರಕ್ಕೆ ಹೋದವು. ಅಂಥ ದಿನ ನಿಮ್ಮ ಸಾಧನದಲ್ಲಿ ದರ ತಿದ್ದಲು ಹತ್ತು ನಿಮಿಷ ಸಾಕಾದರೆ ಸರಿ. ಒಂದೊಂದೇ ಫಾರ್ಮುಲಾ ಹುಡುಕುತ್ತ ಎರಡು ರಾತ್ರಿ ಹೋದರೆ ಅದು ಎಚ್ಚರಿಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲಾ ಲೆಕ್ಕ ಇಟ್ಟುಕೊಂಡವರು ಇದನ್ನೂ ಗಮನಿಸಬೇಕು.

ಈ ನಾಲ್ಕರಲ್ಲಿ ಒಂದೂ ಇಲ್ಲವೆಂದರೆ, ಹೊಸ ಆ್ಯಪ್ ಎಷ್ಟೇ ಚೆಂದ ಕಂಡರೂ ನಿಮಗೆ ಅದರ ಅಗತ್ಯವಿಲ್ಲ.

ಹೊರಬರುವ ಬಾಗಿಲು ಮೊದಲು ನೋಡಿ

ಇಲ್ಲಿ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಒಂದು ಪಾಠ ಇದೆ. ಡಿಟಿಪಿ ಅಂಗಡಿ ಇಟ್ಟವರನ್ನು ಕೇಳಿ ನೋಡಿ. 1998ರಲ್ಲಿ ಬಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ನಮ್ಮ ಪುಣೆಯದೇ ಆದ ಮಾಡ್ಯುಲರ್ ಇನ್ಫೋಟೆಕ್‌ನ 'ಶ್ರೀಲಿಪಿ' ಇವುಗಳಿಂದಲೇ ಮದುವೆ ಪತ್ರಿಕೆಯಿಂದ ಪುಸ್ತಕದವರೆಗೆ ಕನ್ನಡ ಅಚ್ಚಾಯಿತು. ಆ ಉಪಕಾರ ದೊಡ್ಡದು. ಆದರೆ ಆಗಿನ ಸಾಮಾನ್ಯ ಪದ್ಧತಿಯಲ್ಲಿ ಕಂಪ್ಯೂಟರಿನ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಅವು ಕನ್ನಡವಾಗಿ ಕಾಣುತ್ತಿದ್ದುದು ಆ ಫಾಂಟ್ ಇದ್ದರೆ ಮಾತ್ರ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು!

ಯುನಿಕೋಡ್ ಬಂದು ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಸಿಕ್ಕಿತು. ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಬಂತು. ಆಗ ಅಂಗಡಿಯವರ ಮುಂದೆ ಇದ್ದದ್ದು ಇದೇ ಪ್ರಶ್ನೆ: ಈಗ ಬದಲಿಸಲೆ, ಮುಂದೆ ನೋಡಲೆ? ಪುಟವಿನ್ಯಾಸದ ಹಳೆಯ ಸಾಫ್ಟ್‌ವೇರುಗಳಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ಆದ್ದರಿಂದ ಅಚ್ಚಿನ ಕೆಲಸಕ್ಕೆ ಹಳೆಯದರಲ್ಲೇ ಉಳಿದವರದು ತಪ್ಪೆನ್ನಲಾಗದು. ಆದರೆ ಹಳೆಯ ಫೈಲುಗಳನ್ನು ಪರಿವರ್ತಕದಿಂದ ಯುನಿಕೋಡಿಗೆ ತಂದು ಒಂದು ಪ್ರತಿ ಇಟ್ಟುಕೊಂಡವರಿಗೆ ಇಂದು ಅವನ್ನು ಹುಡುಕುವುದು, ಮತ್ತೆ ಅಚ್ಚು ಹಾಕುವುದು ಸುಲಭ. ಮುಖ್ಯವಾದುದು ಸಾಧನ ಹಳೆಯದೋ ಹೊಸದೋ ಎನ್ನುವುದಲ್ಲ. ಒಳಗಿಟ್ಟ ಸರಕು ಬೇರೆ ಕಡೆಯೂ ಓದಲು ಬರುತ್ತದೆಯೋ ಇಲ್ಲವೋ ಎನ್ನುವುದು.

ಇಂದಿನ ಆ್ಯಪುಗಳಿಗೂ ಇದೇ ಮಾತು. ಕೆಲಸಗಳ ಪಟ್ಟಿ ಇಡುವ ವಂಡರ್‌ಲಿಸ್ಟ್ ಬಹಳ ಜನಕ್ಕೆ ಅಚ್ಚುಮೆಚ್ಚಾಗಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು, 2020ರ ಮೇ 6ರಂದು ಅದು ಮುಚ್ಚಿತು. ಪಟ್ಟಿಗಳನ್ನು 'ಮೈಕ್ರೋಸಾಫ್ಟ್ ಟು ಡು'ಗೆ ಸಾಗಿಸಿಕೊಳ್ಳುವ ದಾರಿ ಇತ್ತು, ಬಳಸಿಕೊಂಡವರು ಉಳಿದರು. ಗೂಗಲ್‌ನ 'ಇನ್‌ಬಾಕ್ಸ್' 2014ರಲ್ಲಿ ಬಂದು 2019ರಲ್ಲಿ ನಿಂತಿತು. ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ಪುಕ್ಕಟೆ ಬಳಕೆದಾರರಿಗೆ 50 ನೋಟ್ಸಿನ ಮಿತಿ ಹಾಕಿತು. ಸ್ಕೈಪ್ 2025ರ ಮೇ 5ರಂದು ಕಣ್ಮುಚ್ಚಿತು. ದೊಡ್ಡ ಹೆಸರು ಎಂದ ಮಾತ್ರಕ್ಕೆ ಶಾಶ್ವತ ಅಲ್ಲ, ಪುಕ್ಕಟೆ ಎಂದ ಮಾತ್ರಕ್ಕೆ ಸದಾ ಪುಕ್ಕಟೆಯೂ ಅಲ್ಲ.

ಆದ್ದರಿಂದ ಹೊಸದಕ್ಕೆ ಕಾಲಿಡುವ ಮುನ್ನ ಒಂದು ಪರೀಕ್ಷೆ ಮಾಡಿ. ಹತ್ತು ಬಿಲ್ಲು ತುಂಬಿ. ಎಲ್ಲವನ್ನೂ ಎಕ್ಸೆಲ್ ಮತ್ತು ಪಿಡಿಎಫ್ ರೂಪದಲ್ಲಿ ಹೊರತೆಗೆಯಿರಿ. ಆ ಆ್ಯಪ್ ಇಲ್ಲದ ಬೇರೊಬ್ಬರ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹೆಸರು, ತಾರೀಖು, ಮೊತ್ತ, ತೆರಿಗೆ ಎಲ್ಲಾ ಸರಿಯಾಗಿ ಕಂಡರೆ ಮುಂದುವರಿಯಿರಿ. ಹೊರತೆಗೆಯಲು ಬರುವುದಿಲ್ಲ ಎಂದರೆ ಅಲ್ಲಿಗೇ ಬಿಡಿ.

ಬದಲಿಸುವುದೇ ಆದರೆ ಹೀಗೆ

ಮೊದಲು ನಿಮ್ಮ ಟ್ಯಾಕ್ಸ್ ಕನ್ಸಲ್ಟೆಂಟರನ್ನು ಕೇಳಿ. ಅವರಿಗೆ ಲೆಕ್ಕ ಯಾವ ರೂಪದಲ್ಲಿ ಬೇಕು? ಅವರು ಟ್ಯಾಲಿಯಲ್ಲಿ ಕೆಲಸ ಮಾಡುವವರಾಗಿದ್ದು, ನಿಮ್ಮ ಆ್ಯಪಿನಿಂದ ಟ್ಯಾಲಿಗೆ ಮಾಹಿತಿ ಹೋಗದಿದ್ದರೆ ನಿಮ್ಮ ಮೂರು ಕಡೆಯ ಬರವಣಿಗೆ ಎರಡು ಕಡೆಗೆ ಇಳಿಯಿತು ಅಷ್ಟೆ.

ದಿನ ನಿಗದಿ ಮಾಡಿ. ಹೊಸ ಆರ್ಥಿಕ ವರ್ಷ ಶುರುವಾಗುವ ಏಪ್ರಿಲ್ 1 ಎಲ್ಲಕ್ಕಿಂತ ಅನುಕೂಲ. ಫೆಬ್ರುವರಿ, ಮಾರ್ಚ್‌ನಲ್ಲಿ ಗಿರಾಕಿಗಳ ಪಟ್ಟಿ, ಮಾಲಿನ ಪಟ್ಟಿ ತುಂಬಿಟ್ಟುಕೊಳ್ಳಿ. ತಿಂಗಳ ಲೆಕ್ಕ ಕೊಡುವವರಿಗೆ ಜಿಎಸ್‌ಟಿಆರ್-1ರ ಗಡುವು ಮುಂದಿನ ತಿಂಗಳ 11, ಮೂರು ತಿಂಗಳಿಗೊಮ್ಮೆ ಕೊಡುವವರಿಗೆ 13. ಗಡುವಿನ ಹಿಂದಿನ ವಾರ ಮಾತ್ರ ಏನನ್ನೂ ಬದಲಿಸಬೇಡಿ.

ಬಿಲ್ಲಿನ ನಂಬರು ನೋಡಿಕೊಳ್ಳಿ. ಒಂದು ಆರ್ಥಿಕ ವರ್ಷದಲ್ಲಿ ಒಂದೇ ನಂಬರು ಎರಡು ಬಿಲ್ಲಿಗೆ ಬರಬಾರದು, ನಂಬರು 16 ಅಕ್ಷರ ಮೀರಬಾರದು ಎಂಬುದು ಜಿಎಸ್‌ಟಿ ನಿಯಮ. ವರ್ಷದ ನಡುವೆ ಆ್ಯಪ್ ಬದಲಿಸಿದರೆ ಹೊಸದು ಮತ್ತೆ 1ರಿಂದ ಶುರು ಮಾಡಬಹುದು. ಹಳೆಯದು ನಿಂತ ಕಡೆಯಿಂದ ಮುಂದುವರಿಸಿ, ಇಲ್ಲವೆ ಹೊಸ ಸರಣಿಗೆ ಬೇರೆ ಗುರುತು ಹಾಕಿ.

ಹಳೆಯ ಬಿಲ್ಲುಗಳನ್ನೆಲ್ಲ ಹೊಸದಕ್ಕೆ ತುಂಬಲು ಹೋಗಬೇಡಿ. ಬಹಳ ಜನ ಸೋತು ಕೈಬಿಡುವುದು ಇಲ್ಲಿಯೇ. ಪ್ರತಿ ಗಿರಾಕಿಯ ಬಾಕಿ ಮೊತ್ತ ಮಾತ್ರ ತನ್ನಿ. ಹಳೆಯ ಲೆಕ್ಕವನ್ನು ಎರಡು ಕಡೆ ಭದ್ರವಾಗಿಡಿ. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು ಎಂದು ಜಿಎಸ್‌ಟಿ ಕಾಯ್ದೆಯೇ ಹೇಳುತ್ತದೆ.

ಮೊದಲ ತಿಂಗಳು ಹಳೆಯದು, ಹೊಸದು ಎರಡೂ ನಡೆಯಲಿ. ತಿಂಗಳ ಕೊನೆಗೆ ಎರಡರ ಮೊತ್ತ ತಾಳೆಯಾದರೆ ಹಳೆಯದನ್ನು ನಿಲ್ಲಿಸಿ. ನಿಲ್ಲಿಸುವುದೂ ಅಷ್ಟೇ ಮುಖ್ಯ. ಎರಡನ್ನೂ ಎಳೆದುಕೊಂಡು ಹೋದರೆ ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ.

ಮತ್ತೆ ನಮ್ಮ ರಾಂಜಣಗಾಂವದ ಸಪ್ಲೈಯರ್ ಹತ್ತಿರ ಬರೋಣ. ಅವರ ಎರಡು ವಾರದ ಚೀಟಿಯಲ್ಲಿ ಒಂದು ವಿಷಯ ಎದ್ದು ಕಂಡಿತು ಎನ್ನೋಣ. ಆರ್ಡರ್ ಬರೆದುಕೊಳ್ಳುವ ಫೋನಿನ ನೋಟ್ಸಿನಿಂದ ಏನೂ ತೊಂದರೆ ಇಲ್ಲ, ತಪ್ಪು ಆಗುತ್ತಿರುವುದು ಬಿಲ್ಲಿನಲ್ಲಿ. ಹಾಗಾದರೆ ಬಿಲ್ಲಿನ ಸಾಧನ ಮಾತ್ರ ಬದಲಿಸಿದರಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ.

ನಮ್ಮ ಕಡೆ ವ್ಯಾಪಾರಸ್ಥರು ದೀಪಾವಳಿಯ ಪಾಡ್ಯಕ್ಕೆ ಹೊಸ ಕಿರ್ದಿ ಪುಸ್ತಕಕ್ಕೆ ಪೂಜೆ ಮಾಡುತ್ತಿದ್ದರಲ್ಲ, ನೆನಪಿದೆಯೆ? ಪುಸ್ತಕ ಬದಲಾಗುತ್ತಿದ್ದುದು ವರ್ಷಕ್ಕೊಮ್ಮೆ, ಗೊತ್ತಾದ ದಿನ. ಹಳೆಯ ಪುಸ್ತಕದ ಕೊನೆಯ ಶಿಲ್ಕು ಹೊಸದರ ಮೊದಲ ಪುಟಕ್ಕೆ ಬರುತ್ತಿತ್ತು. ಹಳೆಯ ಪುಸ್ತಕ ಕೆಂಪು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ. ಹಿರಿಯರ ಆ ಪದ್ಧತಿ ಇಂದಿನ ಆ್ಯಪಿಗೂ ಸಾಕಷ್ಟಾಯಿತು.

ಇವತ್ತು ಸಂಜೆಯಿಂದಲೇ ಆ ಚೀಟಿ ಶುರು ಮಾಡಿ. ಎರಡು ವಾರ ಕಳೆದ ಮೇಲೆ ನಿರ್ಧರಿಸಿ.