ಮಳೆಯ ಊರಿಗೊಂದು ಮನೆ

ನಿವೃತ್ತಿಯ ಹಣ ಕೈಸೇರುವ ಕಾಲಕ್ಕೆ ಹುಟ್ಟೂರಿನಲ್ಲೊಂದು ಮನೆ ಕಟ್ಟಿಸಬೇಕೆಂಬ ಹಂಬಲ ಪಟ್ಟಣವಾಸಿಗಳಲ್ಲಿ ಅನೇಕರಿಗೆ ಉಂಟು. ಹಂಬಲವೇನೋ ಸಹಜವಾದುದೇ. ಆದರೆ ಬೆಂಗಳೂರಿನ ಬಡಾವಣೆಯ ನಕ್ಷೆಯನ್ನೇ ಕೈಯಲ್ಲಿ ಹಿಡಿದು ತೀರ್ಥಹಳ್ಳಿಗೋ ಶೃಂಗೇರಿಗೋ ಹೋದವರ ಪಾಡು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ತಿಳಿಯುತ್ತದೆ. ಸಮತಟ್ಟಾದ ತಾರಸಿಯ ಮೇಲೆ ನೀರು ನಿಂತು, ಕೆಳಗೆ ಕಪ್ಪು ಕಲೆಗಳು ಮೂಡಿ, ಗೋಡೆ ಬೆವರಿ, ಪೆಟ್ಟಿಗೆಯೊಳಗಣ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತದೆ. ಕೊನೆಗೆ ಉಳಿದ ಹಣವನ್ನೂ ಸುರಿದು, ತಾರಸಿಯ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ, ತಗಡಿನ ಮಾಡು ಹೊದಿಸುತ್ತಾರೆ. ಒಂದು ಮನೆಗೆ ಎರಡು ಮಾಡು! ಮಲೆನಾಡಿನಲ್ಲಿ ಇಂದು ಇದು ಅಪರೂಪದ ದೃಶ್ಯವಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಂಥ ಸೀಮೆಯಲ್ಲಿ ಮನೆಯ ಆಲೋಚನೆ ಮಾಡಿನಿಂದಲೇ ಆರಂಭವಾಗಬೇಕು. ಹಿಂದಿನವರು ಮಾಡಿಗೆ ಕಡಿದಾದ ಇಳಿಜಾರು ಕೊಟ್ಟು, ಸೂರನ್ನು ಗೋಡೆಯಿಂದ ಬಹು ಮುಂದಕ್ಕೆ ಚಾಚಿ ಇಳಿಬಿಡುತ್ತಿದ್ದರು. ಅದರ ಮರೆಯಲ್ಲಿ ಜಗಲಿ. ಮಣ್ಣಿನ ಗೋಡೆಗೆ ಎರಚಲು ತಾಗದಂತೆ ಕಾಯುವ ಆ ಜಗಲಿಯೇ ನೆಂಟರಿಗೆ ಆಸನ. ಸುಗ್ಗಿಯ ರಾತ್ರಿಗಳಲ್ಲಿ ಅಡಿಕೆ ಸುಲಿಯುವವರಿಗೆ ಕೆಲಸದ ತಾಣ. ಅಡಿಕೆ ಒಣಗಲು ಅಂಗಳವೂ, ಸಾಮಾನು ಬೆಚ್ಚಗಿರಲು ಅಟ್ಟವೂ ಬೇಕೇ ಬೇಕು. ಪಟ್ಟಣದ ನಕ್ಷೆಯಲ್ಲಿ ಈ ಮೂರಕ್ಕೂ ಎಡೆಯಿಲ್ಲ. ಮೋಟಾರು ನಿಲ್ಲಿಸಲು ಮಾತ್ರ ಧಾರಾಳ ಸ್ಥಳವಿರುತ್ತದೆ.

ಹುಲ್ಲು, ಸೋಗೆ, ನಾಡಹಂಚುಗಳ ಕಾಲವಾದ ಮೇಲೆ ಬಂದುದು ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಇದರ ಕಾರ್ಖಾನೆಯನ್ನು ತೆರೆದರು. ಒಂದನ್ನೊಂದು ಕಚ್ಚಿಕೊಂಡು ಕೂರುವ ಈ ಹಂಚುಗಳಲ್ಲಿ ಒಡೆದುದನ್ನಷ್ಟೇ ಬದಲಿಸಿದರೆ ಸಾಕು. ತಾರಸಿಯ ಬಿರುಕಿಗೆ ಆ ಸೌಕರ್ಯವಿಲ್ಲ. ಮಂಗಗಳ ಹಾವಳಿಗೆ ಬೇಸತ್ತು ಹಂಚು ಇಳಿಸಿದವರೂ ಇದ್ದಾರೆಂಬುದನ್ನು ಮರೆಮಾಚಲಾಗದು. ಅಂಥವರಾದರೂ ಮಾಡಿನ ಇಳಿಜಾರನ್ನು ಬಿಡದಿರುವುದು ಲೇಸು.

ಇದೇ ಮನೆಯನ್ನು ವಿಜಯಪುರದ ಬಯಲಿಗೆ ಒಯ್ದರೆ ಅದೂ ಅಸಂಗತವೇ. ಮಳೆ ಅತ್ಯಲ್ಪವೂ ಬಿಸಿಲು ಅತಿಶಯವೂ ಆದ ಆ ನಾಡಿಗೆ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಯೇ ಹಿತ. ಹೊರಗೆ ಕೆಂಡ ಸುರಿದರೂ ಒಳಗೆ ತಂಪು. ಬೇಸಗೆಯ ರಾತ್ರಿ ಮಾಳಿಗೆಯೇ ಮಲಗುವ ಮನೆ.

ಗೋಡೆಗೆ ಮಣ್ಣೆಂದರೆ ಮೂಗು ಮುರಿಯಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಗ್ರಾಮಗಳಿಗಾಗಿ ಕೈಗೊಂಡ ಕಾರ್ಯಗಳಲ್ಲಿ ಮಣ್ಣಿನ ಇಟ್ಟಿಗೆಯೂ ಒಂದು. ಮರಳು ಬೆರೆತ ಕೆಮ್ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಕೂಡಿಸಿ, ಕೈಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಸುಡಲು ಸೌದೆ ಬೇಡ. ಎರೆಮಣ್ಣು ಮಾತ್ರ ಹಾಗೆಯೇ ಬಳಸಿದರೆ ಇದಕ್ಕೆ ಒಗ್ಗದು.

ಹಳೆಯದೆಲ್ಲವನ್ನೂ ಉಳಿಸಿಕೊಳ್ಳಬೇಕೆಂದೂ ಇಲ್ಲ. ಹೊಗೆ ಕವಿದ ಕತ್ತಲ ಅಡಿಗೆಮನೆಯಲ್ಲಿ ಕಣ್ಣು ಕೆಡಿಸಿಕೊಂಡ ಹೆಂಗಸರು ಅದೆಷ್ಟು ಮಂದಿಯೋ! ಕಟ್ಟಿಸಿದವನು ದೀಪಾವಳಿಗೊಮ್ಮೆ ಬಂದು ಹೋಗುತ್ತಾನೆ. ವರ್ಷವಿಡೀ ಅಲ್ಲಿರುವವಳು ಅವನ ಮುದಿತಾಯಿ. ಆಷಾಢದ ನಡುರಾತ್ರಿ ಆಕೆ ಪಾಚಿಗಟ್ಟಿದ ಅಂಗಳವನ್ನು ದಾಟಿ ಬಚ್ಚಲಿಗೆ ಹೋಗಬೇಕೆ? ಮಲಗುವ ಕೋಣೆಗೆ ತಾಗಿದಂತೆ ಬಚ್ಚಲು, ಎಡವದಷ್ಟು ತಗ್ಗಾದ ಹೊಸ್ತಿಲು, ಜಗಲಿಯ ಮೆಟ್ಟಿಲ ಬದಿಗೆ ಹಿಡಿದುಕೊಳ್ಳಲು ಒಂದು ಮರದ ಕಟಕಟೆ: ಇವಿಷ್ಟನ್ನು ಮೇಸ್ತ್ರಿಗೆ ತಳಪಾಯ ತೋಡುವ ಮೊದಲೇ ಹೇಳಬೇಕು.