ಅಳಿಸುವ ಮುನ್ನ ಅಳೆದು ನೋಡೋಣ

ದೂರದರ್ಶನವು ನಮ್ಮ ಮನೆಗಳ ಪಡಸಾಲೆಯನ್ನು ಪ್ರವೇಶಿಸಿ ನಾಲ್ಕು ದಶಕಗಳೇ ಸಂದಿವೆ. ಮಾಳಿಗೆಯ ಮೇಲೊಬ್ಬರು ನಿಂತು ಆಂಟೆನಾ ತಿರುಗಿಸುತ್ತಿರಲು, ಕೆಳಗಿನಿಂದ ಇನ್ನೊಬ್ಬರು ‘ಬಂತು, ಬಂತು, ಮತ್ತೆ ಹೋಯಿತು’ ಎಂದು ಕೂಗುತ್ತಿದ್ದ ಕಾಲವೊಂದಿತ್ತು. ಅನಂತರ ಕೇಬಲ್ ಬಂದಿತು. ಛತ್ರಿಯಂತಹ ತಟ್ಟೆ ಬಂದಿತು. ಈಗ ಬೆರಳುದ್ದದ ಒಂದು ಕಡ್ಡಿಯು ದೂರದರ್ಶನದ ಬೆನ್ನಿಗೆ ಅಂಟಿಕೊಂಡು ಕುಳಿತಿದೆ. ಅಮೆರಿಕದಲ್ಲಿ 2013ರಲ್ಲಿ ಗೂಗಲ್ ಸಂಸ್ಥೆಯ ಕ್ರೋಮ್‌ಕಾಸ್ಟ್ ಹೊರಬಂದು, ಮರುವರ್ಷದ ಕೊನೆಗೆ ನಮ್ಮ ದೇಶಕ್ಕೂ ಕಾಲಿರಿಸಿತು. ಅಮೆಜಾನ್ ಸಂಸ್ಥೆಯ ಫೈರ್ ಟಿವಿ ಸ್ಟಿಕ್ 2017ರ ಏಪ್ರಿಲ್‌ನಲ್ಲಿ 3,999 ರೂಪಾಯಿಗಳ ಬೆಲೆಗೆ ಭಾರತದಲ್ಲಿ ದೊರೆಯತೊಡಗಿತು. ಅಂತರ್ಜಾಲದ ಮೂಲಕ ಚಿತ್ರ, ಪ್ರವಚನ, ಸಂಗೀತ, ಮಕ್ಕಳ ಪಾಠ ಎಲ್ಲವನ್ನೂ ಪರದೆಯ ಮೇಲೆ ಮೂಡಿಸುವ ಈ ಉಪಕರಣಗಳು ಇಂದು ಹಳ್ಳಿಯ ಮನೆಗಳಲ್ಲಿಯೂ ಸಾಮಾನ್ಯವಾಗಿವೆ.

ಉಪಕರಣದೊಡನೆ ಅದರ ಉಪದ್ರವವೂ ಬರುವುದು ಲೋಕರೂಢಿಯಷ್ಟೆ. ಒಂದೆರಡು ವರ್ಷ ಕಳೆಯುತ್ತಲೇ ಚಿತ್ರವು ನಡುನಡುವೆ ನಿಂತು ಚಕ್ರ ಸುತ್ತತೊಡಗುತ್ತದೆ. ಗುಂಡಿ ಒತ್ತಿದರೆ ಅರೆನಿಮಿಷದ ಅನಂತರ ಉತ್ತರ ಬರುತ್ತದೆ. ಆಗ ಮನೆಗೆ ಬಂದ ನೆಂಟರೋ ನೆರೆಮನೆಯ ಹುಡುಗನೋ ನೀಡುವ ಸಲಹೆ ಒಂದೇ: ‘ರೀಸೆಟ್ ಮಾಡಿಬಿಡಿ.’ ಅಂದರೆ ಕಾರ್ಖಾನೆಯಿಂದ ಹೊರಬಂದ ಸ್ಥಿತಿಗೆ ಅದನ್ನು ಮರಳಿಸಿಬಿಡಿ ಎಂದರ್ಥ. ಈ ಸಲಹೆಯು ಕೆಲವೊಮ್ಮೆ ಯುಕ್ತವಾದುದೇ. ಆದರೆ ಅದನ್ನು ಮೊದಲ ಚಿಕಿತ್ಸೆಯನ್ನಾಗಿ ಬಳಸುವ ಪರಿಪಾಠವು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಇತ್ತೀಚಿನ ನಿದರ್ಶನವೊಂದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ. 2025ರ ಮಾರ್ಚ್ 9ರಂದು ಜಗತ್ತಿನ ನಾನಾ ಕಡೆಗಳಲ್ಲಿ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಮ್ಮೆಲೇ ಕೆಲಸ ನಿಲ್ಲಿಸಿದವು. ಇವು 2015ರಲ್ಲಿ ಬಿಡುಗಡೆಯಾದವು. ಯಂತ್ರದೊಳಗೆ ಏನೂ ಮುರಿದಿರಲಿಲ್ಲ. ‘ಇದು ಅಸಲಿ ಉಪಕರಣವೇ’ ಎಂದು ದೂರವಾಣಿಯು ಪರೀಕ್ಷಿಸಿಕೊಳ್ಳುವುದಕ್ಕೆ ಆಧಾರವಾಗಿದ್ದ ವಿದ್ಯುನ್ಮಾನ ಪ್ರಮಾಣಪತ್ರವೊಂದರ ಹತ್ತು ವರ್ಷಗಳ ಅವಧಿಯು ಅಂದಿಗೆ ಮುಗಿದಿತ್ತು, ಅಷ್ಟೆ. ಅವಧಿ ತೀರಿದ ಗುರುತಿನ ಚೀಟಿ ಹಿಡಿದು ಬಂದ ಮನೆಮಗನನ್ನು ಕಾವಲುಗಾರನು ಬಾಗಿಲಲ್ಲೇ ತಡೆದಂತಾಯಿತು. ಯಾರೂ ರೀಸೆಟ್ ಮಾಡಬಾರದೆಂದು ಗೂಗಲ್ ಸಂಸ್ಥೆಯು ಪ್ರಕಟಣೆ ನೀಡಿತು. ಆದರೆ ಅಷ್ಟರಲ್ಲಿ ಅನೇಕರು ಅವಸರದಿಂದ ಅದನ್ನೇ ಮಾಡಿ ಮುಗಿಸಿದ್ದರು. ಸುಮ್ಮನೆ ಇದ್ದವರ ಉಪಕರಣಗಳಿಗೆ ಕೆಲವೇ ದಿನಗಳಲ್ಲಿ ಅಂತರ್ಜಾಲದ ಮೂಲಕ ತಾನಾಗಿಯೇ ಪರಿಹಾರ ಬಂದು ತಲುಪಿತು. ಅಳಿಸಿಕೊಂಡವರ ಉಪಕರಣಗಳಾದರೋ ಮನೆಯ ವೈಫೈ ಹೆಸರನ್ನೂ ಗುಪ್ತಪದವನ್ನೂ ಮರೆತಿದ್ದವು. ಪರಿಹಾರವು ಬರಬೇಕಾದ ದಾರಿಯೇ ಮುಚ್ಚಿಹೋಗಿತ್ತು. ಹೊಸದಾಗಿ ಜೋಡಿಸಹೋದರೆ ಅದೇ ಪ್ರಮಾಣಪತ್ರದ ತಡೆ ಎದುರಾಗುತ್ತಿತ್ತು. ದೂರವಾಣಿಯಲ್ಲಿನ ಗೂಗಲ್ ಹೋಮ್ ತಂತ್ರಾಂಶದ ಹೊಸ ಆವೃತ್ತಿ ಬರುವವರೆಗೆ ಅವರು ಕಾಯಬೇಕಾಯಿತು. ರೋಗಕ್ಕಿಂತ ಔಷಧವೇ ಹೆಚ್ಚು ದಿನ ಕಾಡಿತೆನ್ನಬೇಕು.

ಆದ್ದರಿಂದ ಔಷಧದಲ್ಲಿಯೂ ಮೆಟ್ಟಿಲುಗಳಿವೆಯೆಂಬುದನ್ನು ಮನಗಾಣಬೇಕು. ಮೊದಲನೆಯದು ಕೇವಲ ಮರುಚಾಲನೆ. ಫೈರ್ ಟಿವಿಯಲ್ಲಾದರೆ ರಿಮೋಟಿನ ನಡುವಣ ಆಯ್ಕೆಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಒಟ್ಟಿಗೆ ಐದು ಸೆಕೆಂಡುಗಳ ಕಾಲ ಒತ್ತಿ ಹಿಡಿದರೆ ಸಾಕು. ಇಲ್ಲವೇ ವಿದ್ಯುತ್ ತಂತಿಯನ್ನು ಕಳಚಿ ಒಂದು ನಿಮಿಷ ಬಿಟ್ಟು ಜೋಡಿಸಬಹುದು. ಇದರಿಂದ ಏನೂ ಅಳಿಯುವುದಿಲ್ಲ. ತಿಂಗಳುಗಟ್ಟಲೆ ಆರಿಸದೆ ಇರಿಸಿದ ಉಪಕರಣವು ಇಷ್ಟರಿಂದಲೇ ಚೇತರಿಸಿಕೊಳ್ಳುವುದುಂಟು. ಎರಡನೆಯದು, ತೊಂದರೆ ಕೊಡುವ ಒಂದು ಆಪ್ ಮಾತ್ರ ಕೂಡಿಟ್ಟುಕೊಂಡ ತಾತ್ಕಾಲಿಕ ಕಡತಗಳನ್ನು ತೆಗೆಯುವುದು. ‘ಸೆಟ್ಟಿಂಗ್ಸ್’ ವಿಭಾಗದ ಆಪ್‌ಗಳ ಪಟ್ಟಿಯಲ್ಲಿ ‘ಕ್ಲಿಯರ್ ಕ್ಯಾಶ್’ ಎಂಬುದಿರುತ್ತದೆ. ಅದರ ಪಕ್ಕದ ‘ಕ್ಲಿಯರ್ ಡೇಟಾ’ ಬೇರೆಯದೇ ಸಂಗತಿ. ಅದನ್ನು ಒತ್ತಿದರೆ ಆ ಆಪ್‌ಗೆ ಮತ್ತೆ ಹೆಸರು, ಗುಪ್ತಪದ ಕೊಡಬೇಕಾಗುತ್ತದೆ. ಇವೆರಡೂ ಫಲಿಸದಿದ್ದಾಗ ಮಾತ್ರ ಮೂರನೆಯದಾದ ಸಂಪೂರ್ಣ ರೀಸೆಟ್.

ಆದರೆ ಮೂರನೆಯ ಮೆಟ್ಟಿಲಿಗೆ ಏರುವ ಮುನ್ನ ದೋಷವು ನಿಜವಾಗಿ ಎಲ್ಲಿದೆಯೆಂದು ಅಳೆದು ನೋಡುವುದು ಅವಶ್ಯ. ಏಕೆಂದರೆ ಬಹಳಷ್ಟು ಸಲ ದೋಷವು ಕಡ್ಡಿಯೊಳಗೆ ಇರುವುದೇ ಇಲ್ಲ.

ಮೊದಲು ವಿದ್ಯುತ್ತನ್ನು ನೋಡಿರಿ. ಫೈರ್ ಟಿವಿ ಕಡ್ಡಿಯೊಡನೆ ಬರುವ ಅಡಾಪ್ಟರ್ 5 ವೋಲ್ಟ್‌ನಲ್ಲಿ 1 ಆಂಪಿಯರ್ ಒದಗಿಸುತ್ತದೆ. ಗೋಡೆಯ ಪ್ಲಗ್ ದೂರವೆಂದು ಅನೇಕ ಮನೆಗಳಲ್ಲಿ ಅಡಾಪ್ಟರನ್ನು ಬದಿಗಿರಿಸಿ ತಂತಿಯನ್ನು ದೂರದರ್ಶನದ ಯುಎಸ್‌ಬಿ ರಂಧ್ರಕ್ಕೇ ತೂರಿಸಿರುತ್ತಾರೆ. ಸಾಧಾರಣ ಯುಎಸ್‌ಬಿ ರಂಧ್ರವು ಕೊಡುವುದು ಅರ್ಧ ಆಂಪಿಯರ್ ಮಾತ್ರ. ಅರೆಹೊಟ್ಟೆಯಲ್ಲಿ ದುಡಿಯುವವನು ತಡವರಿಸಿದರೆ ಅದು ಅವನ ಅಪರಾಧವೇ? ಇಂತಹ ಉಪಕರಣವನ್ನು ಎಷ್ಟು ಬಾರಿ ಅಳಿಸಿ ತೊಳೆದರೂ ಅದು ಮತ್ತೆ ಮುಗ್ಗರಿಸುತ್ತಲೇ ಇರುತ್ತದೆ. ಮುಂದೆ ಶಾಖ: ದೂರದರ್ಶನಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಗಾಳಿಯಾಡದೆ ಕಡ್ಡಿಯು ಕಾದುಹೋದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಪೆಟ್ಟಿಗೆಯೊಳಗೇ ಇರುವ ಎಚ್‌ಡಿಎಂಐ ತುಂಡುತಂತಿಯನ್ನು ಬಳಸಿ ಅದನ್ನು ಕೊಂಚ ಹೊರಗೆ ತೂಗುಬಿಟ್ಟರೆ ಶಾಖವೂ ತಗ್ಗುತ್ತದೆ, ವೈಫೈ ಕೂಡ ಚೆನ್ನಾಗಿ ಸಿಗುತ್ತದೆ. ರಿಮೋಟಿನ ಎರಡು ಸಣ್ಣ ಸೆಲ್ಲುಗಳನ್ನು ಬದಲಿಸಿ ನೋಡುವುದನ್ನೂ ಮರೆಯಬಾರದು. ಗುಂಡಿಗೆ ಉತ್ತರ ಬರುತ್ತಿಲ್ಲವೆಂದು ಇಡೀ ಯಂತ್ರವನ್ನೇ ದೂರುವವರನ್ನು ನಾವು ಕಂಡಿದ್ದೇವೆ.

ಅನಂತರ ಅಂತರ್ಜಾಲದ ವೇಗ. ನೆಟ್‌ಫ್ಲಿಕ್ಸ್ ಸಂಸ್ಥೆಯು ಸಾಮಾನ್ಯ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 3 ಮೆಗಾಬಿಟ್, ಪೂರ್ಣ ಎಚ್‌ಡಿಗೆ 5, ನಾಲ್ಕು-ಕೆ ಗುಣಮಟ್ಟಕ್ಕೆ 15 ಮೆಗಾಬಿಟ್ ಇರಬೇಕೆಂದು ತಿಳಿಸುತ್ತದೆ. ಈ ಅಂಕಿಗಳೇನೂ ದೊಡ್ಡವಲ್ಲ. ಆದರೆ ವೇಗವನ್ನು ರೂಟರ್ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ದೂರವಾಣಿಯಲ್ಲಿ ಅಳೆದರೆ ಪ್ರಯೋಜನವಿಲ್ಲ. ದೂರದರ್ಶನವಿರುವ ಸ್ಥಳದಲ್ಲೇ ಅಳೆಯಬೇಕು. ರೂಟರ್ ಸಾಮಾನ್ಯವಾಗಿ ಎರಡು ಬಗೆಯ ಅಲೆಗಳನ್ನು ಹರಡುತ್ತದೆ. 5 ಗಿಗಾಹರ್ಟ್ಸ್ ಅಲೆಯು ವೇಗವಾದುದು, ಆದರೆ ಗೋಡೆಗಳನ್ನು ದಾಟಲು ಬಳಲುತ್ತದೆ. 2.4 ಗಿಗಾಹರ್ಟ್ಸ್ ಅಲೆಯು ದೂರ ಸಾಗುತ್ತದೆ, ಆದರೆ ನೆರೆಹೊರೆಯ ಎಲ್ಲ ರೂಟರ್‌ಗಳೂ ಅದರಲ್ಲೇ ಕಿಕ್ಕಿರಿದಿರುತ್ತವೆ. ಬಾಗಲಕೋಟೆ, ವಿಜಯಪುರ ಸೀಮೆಯ ಮೊಳದಗಲದ ಕಲ್ಲುಗೋಡೆಯ ಮನೆಗಳಲ್ಲಿ ಪಡಸಾಲೆಯ ರೂಟರಿನ 5 ಗಿಗಾಹರ್ಟ್ಸ್ ಅಲೆಯು ಒಳಕೋಣೆಯನ್ನು ಮುಟ್ಟದಿದ್ದರೆ ಆಶ್ಚರ್ಯವಿಲ್ಲ. ಅಂತಹಲ್ಲಿ ರೂಟರನ್ನು ಬಾಗಿಲ ನೇರಕ್ಕೆ ಸರಿಸುವುದೇ ಪರಿಹಾರ.

ನಮ್ಮ ಮನೆಯಲ್ಲಿನ ಕಡ್ಡಿಯೊಂದನ್ನು ನಾವು ನಾಲ್ಕು ದಿನಗಳ ಕಾಲ ಹೀಗೆ ಪರೀಕ್ಷಿಸಿದೆವು. ಒಂದೇ ಕಾರ್ಯಕ್ರಮವನ್ನು ಮುಂಜಾನೆ ಒಮ್ಮೆ, ರಾತ್ರಿ ಎಂಟೂವರೆಗೆ ಒಮ್ಮೆ ಹಾಕಿ, ಎಷ್ಟು ಸಲ ನಿಂತಿತೆಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕುತ್ತ ಬಂದೆವು. ಮುಂಜಾನೆ ನಿರಾತಂಕವಾಗಿ ಸಾಗಿದ್ದೇ ರಾತ್ರಿ ತಡವರಿಸುತ್ತಿತ್ತು. ಯಂತ್ರವು ಕೆಟ್ಟಿದ್ದರೆ ಮುಂಜಾನೆಯೂ ಕೆಟ್ಟಿರಬೇಕಷ್ಟೆ. ಬೀದಿಯವರೆಲ್ಲ ಒಟ್ಟಿಗೆ ಅಂತರ್ಜಾಲ ಬಳಸುವ ಹೊತ್ತಿನ ಇಕ್ಕಟ್ಟು ಅದೆಂದು ತಿಳಿಯಿತು. ಮನೆಯ ಹುಡುಗರು ಹೊಸದೊಂದನ್ನು ಕೊಳ್ಳಬೇಕೆಂದು ಹಟ ಹಿಡಿದಿದ್ದರು. ನಾಲ್ಕು ದಿನಗಳ ಗುರುತುಗಳನ್ನು ನೋಡಿ ಸುಮ್ಮನಾದರು.

ಇಷ್ಟಾದ ಮೇಲೂ ದೋಷವು ಉಪಕರಣದೊಳಗೇ ಇದೆಯೆಂದು ಖಚಿತವಾದರೆ, ಅದರ ಉಗ್ರಾಣವನ್ನು ನೋಡಬೇಕು. ಸಾಮಾನ್ಯ ಫೈರ್ ಟಿವಿ ಕಡ್ಡಿಯಲ್ಲಿರುವುದು 8 ಜಿಬಿ ಜಾಗ. ಅದರಲ್ಲಿ ದೊಡ್ಡ ಪಾಲು ಮೂಲ ತಂತ್ರಾಂಶಕ್ಕೇ ಸಲ್ಲುತ್ತದೆ. ಮಕ್ಕಳು ಹಾಕಿಕೊಂಡ ಆಟಗಳು, ಯಾರೂ ನೋಡದ ಆಪ್‌ಗಳು ಉಳಿದ ಜಾಗವನ್ನು ನುಂಗಿರುತ್ತವೆ. ಅವುಗಳನ್ನು ತೆಗೆದರೆ ಉಸಿರಾಡಲು ಎಡೆಯಾಗುತ್ತದೆ. ಇಲ್ಲೊಂದು ಮಾತನ್ನು ಹೇಳಲೇಬೇಕು. ರೀಸೆಟ್ ಮಾಡಿದರೆ ಕಡ್ಡಿಯು ಕೊಂಡ ದಿನದ ಲವಲವಿಕೆಗೆ ಮರಳುತ್ತದೆಂದು ಜನ ನಂಬುತ್ತಾರೆ. ಅದು ಅರ್ಧಸತ್ಯ. ಅಳಿಯುವುದು ನಾವು ತುಂಬಿದ ಸಾಮಗ್ರಿ ಮಾತ್ರ. ವರ್ಷವರ್ಷವೂ ಸಂಸ್ಥೆಯು ಕಳುಹಿಸಿದ ತಂತ್ರಾಂಶದ ಹೊಸ ಆವೃತ್ತಿಯು ಹಾಗೆಯೇ ಉಳಿಯುತ್ತದೆ. ಆ ಹೊಸ ಭಾರವನ್ನು ಹಳೆಯ ಯಂತ್ರವು ಹೊರಲಾರದೆ ಬಳಲುತ್ತಿದ್ದರೆ ರೀಸೆಟ್‌ನಿಂದ ಶಾಶ್ವತ ಗುಣವಾಗದು.

ರೀಸೆಟ್ ಮಾಡುವುದೇ ನಿಶ್ಚಯವಾದರೆ ಪೂರ್ವಸಿದ್ಧತೆಯು ಬಹು ಮುಖ್ಯ. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಇಂದು ವಯಸ್ಸಾದ ತಂದೆತಾಯಿಯರು ಊರಿನಲ್ಲಿದ್ದು, ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ಇದ್ದಾರೆ. ಕಡ್ಡಿಯನ್ನು ತಂದು ಜೋಡಿಸಿಕೊಟ್ಟವನು ಮಗ; ಖಾತೆಯು ಅವನ ಹೆಸರಿನಲ್ಲಿ, ದೂರವಾಣಿ ಸಂಖ್ಯೆಯೂ ಅವನದೇ. ಅವನಿಲ್ಲದಾಗ ಯಾರೋ ಉಪಕಾರವೆಂದು ಬಗೆದು ಎಲ್ಲವನ್ನೂ ಅಳಿಸಿಬಿಟ್ಟರೆ, ಪರದೆಯು ಇಂಗ್ಲಿಷಿನಲ್ಲಿ ಖಾತೆಯ ಹೆಸರನ್ನೂ ಗುಪ್ತಪದವನ್ನೂ ಕೇಳುತ್ತ ನಿಲ್ಲುತ್ತದೆ. ಖಚಿತಪಡಿಸುವ ಅಂಕೆಗಳು ಹೋಗುವುದು ಸಾವಿರಾರು ಮೈಲಿ ದೂರದ ಮಗನ ದೂರವಾಣಿಗೆ. ಆಗ ಅಲ್ಲಿ ನಡುರಾತ್ರಿ. ದಿನವೂ ಸಂಜೆ ಒಂದು ಗಂಟೆ ಪ್ರವಚನವನ್ನೋ ಹಳೆಯ ಚಲನಚಿತ್ರವನ್ನೋ ನೋಡಿ ಹೊತ್ತು ಕಳೆಯುತ್ತಿದ್ದ ಹಿರಿಯ ಜೀವವು ಅವನು ಬಿಡುವಾಗುವವರೆಗೆ ನೀಲಿ ಪರದೆಯನ್ನೇ ನೋಡುತ್ತ ಕೂಡಬೇಕು. ಒಂಟಿಯಾಗಿರುವವರಿಗೆ ಇದು ಸಣ್ಣ ಮಾತಲ್ಲ. ಆದುದರಿಂದ ವೈಫೈ ಗುಪ್ತಪದ, ಯಾವ ಯಾವ ಸೇವೆ ಯಾರ ಹೆಸರಿನಲ್ಲಿದೆ, ಅಂಕೆಗಳು ಯಾರ ದೂರವಾಣಿಗೆ ಬರುತ್ತವೆ ಎಂಬಿವನ್ನು ಮೊದಲೇ ಬರೆದು, ಆ ವ್ಯಕ್ತಿಯು ದೂರವಾಣಿಯಲ್ಲಿ ಸಿಗುವ ಹೊತ್ತನ್ನೇ ಆರಿಸಿಕೊಂಡು ಕೆಲಸಕ್ಕೆ ಕೈಹಾಕಬೇಕು. ಬರೆದ ಹಾಳೆಯನ್ನು ದೂರದರ್ಶನದ ಮೇಲೆ ಅಂಟಿಸದೆ ಕಪಾಟಿನಲ್ಲಿರಿಸುವುದು ಲೇಸು.

ರೀಸೆಟ್ ಮಾಡುವ ವಿಧಾನವೇನೂ ಕಠಿಣವಲ್ಲ. ಫೈರ್ ಟಿವಿಯಲ್ಲಿ ‘ಸೆಟ್ಟಿಂಗ್ಸ್’, ಅದರೊಳಗೆ ‘ಮೈ ಫೈರ್ ಟಿವಿ’, ಅದರ ಕೊನೆಯಲ್ಲಿ ‘ರೀಸೆಟ್ ಟು ಫ್ಯಾಕ್ಟರಿ ಡಿಫಾಲ್ಟ್ಸ್’ ಎಂದಿರುತ್ತದೆ. ಪರದೆಯು ಸಿಕ್ಕಿಕೊಂಡು ಅಲ್ಲಿಗೆ ಹೋಗಲಾಗದಿದ್ದರೆ ರಿಮೋಟಿನ ಹಿಂದಿರುಗುವ ಗುಂಡಿಯನ್ನೂ ವೃತ್ತದ ಬಲಭಾಗವನ್ನೂ ಒಟ್ಟಿಗೆ ಹತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಕೆಲಸ ಮುಗಿಯುವವರೆಗೆ ವಿದ್ಯುತ್ ಹೋಗಕೂಡದು. ಕರೆಂಟು ಕಣ್ಣಾಮುಚ್ಚಾಲೆಯಾಡುವ ಊರುಗಳಲ್ಲಿ ಯುಪಿಎಸ್ ಇರುವ ಪ್ಲಗ್ಗಿಗೆ ಜೋಡಿಸಿಕೊಳ್ಳುವುದು ಕ್ಷೇಮ. ಅಳಿಸುವಿಕೆಯ ನಡುವೆ ವಿದ್ಯುತ್ ಕಡಿದರೆ ಕಡ್ಡಿಯು ಮೇಲೇಳದೆ ಹೋಗಬಹುದು.

ಮರುಜೋಡಣೆಯಾದೊಡನೆ ಚಿತ್ರ ಬಂತೆಂದು ಹಿಗ್ಗಿ ರಿಮೋಟನ್ನು ಮಕ್ಕಳ ಕೈಗೆ ಕೊಡಬಾರದು. ಉಪಕರಣದಲ್ಲಿ ಹಾಕಿದ್ದ ಮಕ್ಕಳ ಬೀಗವೂ ರೀಸೆಟ್‌ನಲ್ಲಿ ಹೋಗಿರುತ್ತದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂತಹ ಚಿತ್ರಸೇವೆಗಳ ಕಾರ್ಯಕ್ರಮಗಳನ್ನು ಎಲ್ಲರಿಗೂ, 7 ವರ್ಷ ಮೇಲ್ಪಟ್ಟವರಿಗೆ, 13 ವರ್ಷ ಮೇಲ್ಪಟ್ಟವರಿಗೆ, 16 ವರ್ಷ ಮೇಲ್ಪಟ್ಟವರಿಗೆ, ವಯಸ್ಕರಿಗೆ ಎಂದು ಐದು ತರಗತಿಗಳಾಗಿ ವಿಂಗಡಿಸಬೇಕೆಂದೂ, 13ರಿಂದ ಮೇಲಿನವಕ್ಕೆ ಬೀಗದ ಅನುಕೂಲ ಕಲ್ಪಿಸಬೇಕೆಂದೂ ವಿಧಿಸಿವೆ. ಅನುಕೂಲವನ್ನು ಅವರು ಕಲ್ಪಿಸಿದರೂ ಬೀಗ ಹಾಕಬೇಕಾದವರು ತಂದೆತಾಯಿಯರೇ. ಹಣ ಕೊಟ್ಟು ಕೊಳ್ಳುವಾಗ ಗುಪ್ತಸಂಖ್ಯೆ ಕೇಳುವ ಏರ್ಪಾಡನ್ನೂ ಆಗಲೇ ಮತ್ತೆ ಮಾಡಿಡಬೇಕು.

ಹಣದ ಮಾತು ಬಂದುದರಿಂದ ಇನ್ನೊಂದು ವಿಷಯ. ಕಡ್ಡಿಯನ್ನು ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಚಂದಾ ಇರುವುದು ಖಾತೆಯಲ್ಲಿ, ಯಂತ್ರದಲ್ಲಲ್ಲ. ಯಾರೂ ನೋಡದ ಸೇವೆಗೂ ಬ್ಯಾಂಕಿನಿಂದ ಹಣ ಹೋಗುತ್ತಲೇ ಇರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂತಹ ಕಡಿತಕ್ಕೆ 24 ಗಂಟೆ ಮುಂಚಿತವಾಗಿ ಗ್ರಾಹಕರಿಗೆ ಸೂಚನೆ ಬರಬೇಕು. ದೂರವಾಣಿಗೆ ಬಂದ ಆ ಸಂದೇಶಗಳನ್ನು ಓದದೆ ಅಳಿಸುವವರೇ ಹೆಚ್ಚು. ರೀಸೆಟ್ ಮಾಡಿದ ದಿನ ಯಾವ ಸೇವೆಗಳನ್ನು ಮತ್ತೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲವೋ ಅವುಗಳ ಚಂದಾವನ್ನು ಅಂದೇ ರದ್ದುಗೊಳಿಸುವುದು ಜಾಣತನ.

ಮರುಜೋಡಣೆಯ ಮೊದಲ ದಿನ ಎಲ್ಲ ಕಡ್ಡಿಗಳೂ ಚುರುಕಾಗಿಯೇ ಕಾಣುತ್ತವೆ, ಅದನ್ನು ನೆಚ್ಚಬಾರದು. ಬೇಕಾದ ನಾಲ್ಕೈದು ಆಪ್‌ಗಳನ್ನು ಮಾತ್ರ ಹಾಕಿ ಎರಡು ವಾರ ಬಳಸಿ ನೋಡಿರಿ. ಅಷ್ಟಕ್ಕೂ ಅದು ಹಳೆಯ ಚಾಳಿಗೆ ಮರಳಿದರೆ, ಅಥವಾ ಸಂಸ್ಥೆಯು ಅದಕ್ಕೆ ರಕ್ಷಣಾ ಪರಿಷ್ಕರಣೆಗಳನ್ನು ನಿಲ್ಲಿಸಿದ್ದರೆ, ಬದಲಿಸುವುದು ಯುಕ್ತ. ಮೊದಲ ತಲೆಮಾರಿನ ಕ್ರೋಮ್‌ಕಾಸ್ಟ್‌ಗೆ 2023ರಲ್ಲೇ ಅಂತಹ ಬೆಂಬಲ ನಿಂತಿತು. 2024ರ ಆಗಸ್ಟ್‌ನಲ್ಲಿ ಗೂಗಲ್ ಸಂಸ್ಥೆಯು ಕ್ರೋಮ್‌ಕಾಸ್ಟ್ ತಯಾರಿಕೆಗೇ ಮುಕ್ತಾಯ ಹಾಡಿತು.

ಬದಲಿಸಿದ ಹಳೆಯದನ್ನು ಯಾರಿಗಾದರೂ ಕೊಡುವಾಗ ಮಾತ್ರ ರೀಸೆಟ್ ಎಂಬುದು ಆಯ್ಕೆಯಲ್ಲ, ಕಡ್ಡಾಯ. ಜೊತೆಗೆ ಖಾತೆಯ ಉಪಕರಣಗಳ ಪಟ್ಟಿಯಿಂದಲೂ ಅದರ ಹೆಸರನ್ನು ತೆಗೆದುಹಾಕಬೇಕು. ಯಾರಿಗೂ ಬೇಡವಾದದ್ದನ್ನು ಕಸದ ಬುಟ್ಟಿಗೆ ಹಾಕದೆ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಅಡಾಪ್ಟರನ್ನೂ ಎಚ್‌ಡಿಎಂಐ ತುಂಡುತಂತಿಯನ್ನೂ ತೆಗೆದಿರಿಸಿಕೊಂಡರೆ ಅವು ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತವೆ.